ಚಕ್ರವರ್ತಿಯ ಬಾಗಿಲು ಕಾದವರು

1996ರ ಡಿಸೆಂಬರಿನಲ್ಲಿ ಬೀಜಿಂಗ್ ನಗರದ ಹಳೆಯ ಬೌದ್ಧ ದೇಗುಲವೊಂದರಲ್ಲಿ ತೊಂಬತ್ತು ದಾಟಿದ ವೃದ್ಧನೊಬ್ಬ ಕಣ್ಣು ಮುಚ್ಚಿದ. ಹೆಸರು ಸುನ್ ಯಾವೊಟಿಂಗ್. ಅವನು ಮಂತ್ರಿಯಲ್ಲ, ಸೇನಾಪತಿಯಲ್ಲ, ಕವಿಯೂ ಅಲ್ಲ. ಆದರೂ ದೂರದೂರದ ದೇಶಗಳ ಪತ್ರಿಕೆಗಳು ಅವನ ಸಾವನ್ನು ವರದಿ ಮಾಡಿದವು. ಏಕೆಂದರೆ ಚೀನದ ಅರಮನೆಯಲ್ಲಿ ಊಳಿಗ ಮಾಡಿದ್ದ ನಪುಂಸಕರಲ್ಲಿ ಬದುಕಿ ಉಳಿದಿದ್ದ ಕೊನೆಯವನು ಅವನೇ. ಅವನೊಂದಿಗೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ನಡೆದುಬಂದಿದ್ದ ವ್ಯವಸ್ಥೆಯೊಂದರ ಕೊನೆಯ ಎಳೆ ಕಡಿದುಹೋಯಿತು.

ಸುನ್ ಹುಟ್ಟಿದ್ದು 1902ರಲ್ಲಿ, ತಿಯಾನ್‌ಜಿನ್ ನಗರದ ಹತ್ತಿರದ ಒಂದು ಬಡ ಕುಟುಂಬದಲ್ಲಿ. ಆ ಸೀಮೆಯಿಂದ ಅರಮನೆಯ ಊಳಿಗಕ್ಕೆ ಹೋದ ಕೆಲವರು ಹಣ, ಹೊಲ, ಆಳುಕಾಳು ಮಾಡಿಕೊಂಡು ಮೆರೆದದ್ದನ್ನು ಊರವರು ಕಣ್ಣಾರೆ ಕಂಡಿದ್ದರು. ತನ್ನ ಮಗನಿಗೂ ಆ ಭಾಗ್ಯ ಬರಲಿ, ಮನೆಯ ಬಡತನ ಹಿಂಗಲಿ ಎಂಬ ಆಸೆಯಿಂದ ತಂದೆ ಎಂಟು ವರ್ಷದ ಹುಡುಗನನ್ನು ಮನೆಯಲ್ಲೇ ಮಲಗಿಸಿ, ಕ್ಷೌರದ ಕತ್ತಿಯಿಂದ ತನ್ನ ಕೈಯಾರೆ ಅವನ ಪುರುಷಾಂಗವನ್ನು ಕತ್ತರಿಸಿ ತೆಗೆದ. ನೋವು ತಿಳಿಯದಂತೆ ಮಾಡುವ ಮದ್ದು ಇರಲಿಲ್ಲ. ಹುಡುಗ ಮೂರು ದಿನ ಪ್ರಜ್ಞೆಯಿಲ್ಲದೆ ಬಿದ್ದಿದ್ದ; ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಇದಾದ ಕೆಲವೇ ತಿಂಗಳಿಗೆ, 1912ರ ಫೆಬ್ರುವರಿಯಲ್ಲಿ, ಆರು ವರ್ಷದ ಬಾಲಚಕ್ರವರ್ತಿ ಪು ಯಿ ಸಿಂಹಾಸನ ತ್ಯಜಿಸಿದ. ಯಾವ ಅರಮನೆಗಾಗಿ ಮಗನ ಮೈ ಕತ್ತರಿಸಿದ್ದನೋ ಆ ಅರಮನೆಯಲ್ಲಿ ಆಳುವ ಅರಸನೇ ಇಲ್ಲವಾದ.

ಈ ತಂದೆಯನ್ನು ಕಟುಕನೆಂದು ಬೈದು ಪುಟ ತಿರುವುವುದು ಸುಲಭ. ಆದರೆ ಮಗನ ಮೇಲೆ ಪ್ರೀತಿ ಇಲ್ಲದೆ ಅವನು ಹಾಗೆ ಮಾಡಿದ ಎಂದು ಹೇಳುವಂತಿಲ್ಲ. ಮಗನ ಭವಿಷ್ಯಕ್ಕೆ ಇದೇ ದಾರಿ ಎಂದು ಒಬ್ಬ ಬಡ ಮನುಷ್ಯನಿಗೆ ಅನ್ನಿಸುವಂತೆ ಮಾಡಿದ ಆ ಅರಮನೆ ಎಂಥದು? ಅಲ್ಲಿ ನಪುಂಸಕರು ಏಕೆ ಬೇಕಾಗಿದ್ದರು? ಮೈಯ ಒಂದು ಭಾಗವನ್ನೇ ಕಳೆದುಕೊಂಡು ಆಳುಗಳಾಗಿ ಒಳಹೊಕ್ಕವರು ಮಂತ್ರಿಗಳನ್ನು ನಡುಗಿಸುವಷ್ಟು ಬೆಳೆದದ್ದು ಹೇಗೆ?

ಏಕೆ ಬೇಕಾದರು?

ಮೊದಲಿಗೇ ಒಂದು ಮಾತು ಸ್ಪಷ್ಟವಾಗಬೇಕು. ಹುಟ್ಟಿನಿಂದಲೋ ಮನೋಧರ್ಮದಿಂದಲೋ ಭಿನ್ನರಾದವರ ವಿಚಾರ ಇದಲ್ಲ. ಹೋರಿಯ ಬೀಜ ಒಡೆದು ಎತ್ತು ಮಾಡುವಂತೆ, ಗಂಡಾಗಿ ಹುಟ್ಟಿದವರನ್ನು ಕತ್ತಿಯಿಂದ ನಪುಂಸಕರನ್ನಾಗಿ ಮಾಡಿ ದುಡಿಸಿಕೊಳ್ಳುತ್ತಿದ್ದ ಪದ್ಧತಿಯ ವಿಚಾರ ಇದು. ಈ ಪದ್ಧತಿ ಚೀನದಲ್ಲಿ ಮಾತ್ರ ಇತ್ತೆಂದೂ ಅಲ್ಲ. ಪರ್ಷಿಯದಲ್ಲಿ, ಬೈಜಾಂಟಿಯಂನಲ್ಲಿ, ತುರ್ಕಿಯ ಸುಲ್ತಾನರ ಅರಮನೆಯಲ್ಲಿ, ದೆಹಲಿಯಲ್ಲಿ ಇತ್ತು. 1311ರಲ್ಲಿ ಹೊಯ್ಸಳರ ದೋರಸಮುದ್ರದ ಮೇಲೆ ದಂಡೆತ್ತಿ ಬಂದ ಮಲಿಕ್ ಕಾಫೂರನೂ ಇಂಥವನೇ. ಆದರೆ ಚೀನದಲ್ಲಿ ಅದು ಬಾಳಿದಷ್ಟು ಕಾಲ, ಆಡಳಿತದ ಒಳಗೆ ಇಳಿದಷ್ಟು ಆಳ, ಬೇರೆ ಕಡೆ ಕಾಣುವುದು ಅಪರೂಪ.

ಚೀನದ ಚಕ್ರವರ್ತಿ 'ಸ್ವರ್ಗಪುತ್ರ' ಎನಿಸಿಕೊಂಡವನು. ಅವನಿಗೆ ಪಟ್ಟದರಾಣಿಯಲ್ಲದೆ ಅನೇಕ ಮಂದಿ ಉಪಪತ್ನಿಯರು. ಸಿಂಹಾಸನ ಏರುವ ಮಗು ಅವನ ರಕ್ತದ್ದೇ ಆಗಿರಬೇಕು. ಅದರಲ್ಲಿ ಎಳ್ಳಷ್ಟೂ ಸಂಶಯ ಇರಕೂಡದು. ಆದ್ದರಿಂದ ಅಂತಃಪುರದಲ್ಲಿ ಚಕ್ರವರ್ತಿಯನ್ನು ಬಿಟ್ಟು ಬೇರೆ ಗಂಡಸು ರಾತ್ರಿ ಉಳಿಯುವಂತಿರಲಿಲ್ಲ. ಆದರೆ ಪಲ್ಲಕ್ಕಿ ಹೊರಬೇಕು, ಬಾಗಿಲು ಕಾಯಬೇಕು, ಓಲೆ ತಲುಪಿಸಬೇಕು, ಉಗ್ರಾಣ ನೋಡಿಕೊಳ್ಳಬೇಕು. ಈ ಕೆಲಸಗಳಿಗೆಲ್ಲ ನಪುಂಸಕರು ಒದಗಿದರು.

ಇನ್ನೊಂದು ಕಾರಣ ರಾಜಕೀಯದ್ದು. ಮಂತ್ರಿಗೆ ಮಕ್ಕಳಿರುತ್ತಾರೆ, ಸೇನಾಪತಿಗೆ ವಂಶವಿರುತ್ತದೆ, ರಾಣಿಗೆ ಅಣ್ಣತಮ್ಮಂದಿರು ಇರುತ್ತಾರೆ. ಅವರೆಲ್ಲರೂ ಒಂದಲ್ಲ ಒಂದು ದಿನ ಸಿಂಹಾಸನದ ಮೇಲೆ ಕಣ್ಣು ಹಾಕಬಹುದು. ಮಕ್ಕಳೇ ಇಲ್ಲದವನು ಯಾರಿಗಾಗಿ ರಾಜ್ಯ ಕದಿಯುತ್ತಾನೆ? ಹಿಂದೆ ಮುಂದೆ ಯಾರೂ ಇಲ್ಲದ ಅವನಿಗೆ ಒಡೆಯನೇ ಗತಿ. ಹೀಗೆ ನಂಬಿ ಚಕ್ರವರ್ತಿಗಳು ಅವರನ್ನು ಹತ್ತಿರ ಇಟ್ಟುಕೊಂಡರು.

ಈ ಲೆಕ್ಕಾಚಾರ ಎಷ್ಟು ತಪ್ಪಿತೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಹಾನ್ ವಂಶದ ಆಳ್ವಿಕೆಯಲ್ಲಿ, ಕ್ರಿ.ಶ. 135ರಲ್ಲಿ, ನಪುಂಸಕರು ದತ್ತು ತೆಗೆದುಕೊಂಡ ಮಕ್ಕಳಿಗೆ ತಮ್ಮ ಬಿರುದು ಬಾವಲಿಗಳನ್ನು ಬಿಟ್ಟುಹೋಗಬಹುದೆಂದು ಅಪ್ಪಣೆಯಾಯಿತು. ಆ ಕಾಲದ ಪ್ರಬಲ ನಪುಂಸಕ ತ್ಸಾವೊ ಟೆಂಗ್ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡ. ಆ ದತ್ತುಪುತ್ರನ ಮಗನೇ ಚೀನದ ಹೆಸರಾಂತ ಸೇನಾನಿ ತ್ಸಾವೊ ತ್ಸಾವೊ. ಅವನ ಮಗ 220ರಲ್ಲಿ ಹಾನ್ ವಂಶವನ್ನೇ ಕೊನೆಗೊಳಿಸಿ ತಾನೇ ಚಕ್ರವರ್ತಿಯಾದ. ವಂಶವಿಲ್ಲದವನೆಂದು ನಂಬಿ ಇಟ್ಟುಕೊಂಡವನ ಮರಿಮಗ ರಾಜವಂಶವನ್ನು ಕಟ್ಟಿದ!

ಒಳಗೆ ಬಂದ ಮೂರು ದಾರಿ

ಅರಮನೆಯ ನಪುಂಸಕರು ಮುಖ್ಯವಾಗಿ ಮೂರು ದಾರಿಗಳಿಂದ ಬಂದವರು. ಮೊದಲನೆಯದು ಶಿಕ್ಷೆ. ಪ್ರಾಚೀನ ಚೀನದಲ್ಲಿ ಮರಣದಂಡನೆಯ ಕೆಳಗಿನ ಮೆಟ್ಟಿಲಿನಲ್ಲಿದ್ದ ಘೋರ ಶಿಕ್ಷೆಯೆಂದರೆ ಇದೇ. ಇದಕ್ಕೆ ಗುರಿಯಾದವರಲ್ಲಿ ಜಗತ್ತೇ ನೆನೆಯುವ ಒಬ್ಬ ವಿದ್ವಾಂಸನಿದ್ದಾನೆ: ಇತಿಹಾಸಕಾರ ಸಿಮಾ ಚಿಯನ್.

ಚೀನದ ಅಂದಿನವರೆಗಿನ ಇಡೀ ಇತಿಹಾಸವನ್ನು ಬರೆಯುವ ಕೆಲಸವನ್ನು ಸಿಮಾ ಚಿಯನ್‌ನ ತಂದೆ ಆರಂಭಿಸಿದ್ದ. ಸಾಯುವಾಗ ಅದನ್ನು ಪೂರ್ತಿ ಮಾಡೆಂದು ಮಗನ ಕೈ ಹಿಡಿದು ಕೇಳಿಕೊಂಡಿದ್ದ. ಕೆಲಸ ನಡೆಯುತ್ತಿರುವಾಗ, ಕ್ರಿ.ಪೂ. 99ರಲ್ಲಿ, ಲಿ ಲಿಂಗ್ ಎಂಬ ಸೇನಾನಿ ಉತ್ತರದ ಅಲೆಮಾರಿ ಶತ್ರುಗಳಿಗೆ ಶರಣಾದ. ಆಸ್ಥಾನವೆಲ್ಲ ಅವನನ್ನು ದ್ರೋಹಿ ಎಂದಾಗ, ಅಷ್ಟು ದೊಡ್ಡ ಸೈನ್ಯದೆದುರು ಅವನು ಶಕ್ತಿಮೀರಿ ಹೋರಾಡಿದ್ದಾನೆ ಎಂದು ಹೇಳಿದವನು ಸಿಮಾ ಚಿಯನ್ ಒಬ್ಬನೇ. ವೂ ಚಕ್ರವರ್ತಿಗೆ ಕೋಪ ಬಂತು. ಸಿಮಾ ಚಿಯನ್‌ಗೆ ಮರಣದಂಡನೆ ಆಯಿತು. ದಂಡ ಕಟ್ಟಿ ಪಾರಾಗಲು ಅವನಲ್ಲಿ ಹಣವಿರಲಿಲ್ಲ. ಉಳಿದ ದಾರಿಗಳು ಎರಡೇ: ಸಾಯುವುದು, ಇಲ್ಲವೆ ನಪುಂಸಕನಾಗಿ ಬದುಕುವುದು. ಮಾನವಂತರು ಸಾವನ್ನೇ ಆಯ್ದುಕೊಳ್ಳುತ್ತಿದ್ದ ಕಾಲ ಅದು. ಸಿಮಾ ಚಿಯನ್ ಅವಮಾನವನ್ನು ಆಯ್ದುಕೊಂಡ. ಪುಸ್ತಕ ಮುಗಿದಿರಲಿಲ್ಲ, ಅದಕ್ಕೆ! 130 ಅಧ್ಯಾಯಗಳ ಆ ಮಹಾಗ್ರಂಥ 'ಶಿಜಿ' ಮುಂದಿನ ಎರಡು ಸಾವಿರ ವರ್ಷಗಳ ಚೀನೀ ಇತಿಹಾಸ ಬರವಣಿಗೆಗೆ ಮಾದರಿಯಾಯಿತು. ತಾನು ಏಕೆ ಸಾಯಲಿಲ್ಲ ಎಂಬುದನ್ನು ಅವನು ಸ್ನೇಹಿತನೊಬ್ಬನಿಗೆ ಬರೆದ ಪತ್ರ ಇಂದಿಗೂ ಉಳಿದಿದೆ.

ಎರಡನೆಯ ದಾರಿ ಯುದ್ಧ. ಸೋತ ನಾಡಿನ ಎಳೆಯ ಹುಡುಗರನ್ನು ಸೆರೆಹಿಡಿದು ನಪುಂಸಕರನ್ನಾಗಿ ಮಾಡಿ ಅರಮನೆಗೂ ರಾಜಕುಮಾರರ ಮನೆಗಳಿಗೂ ಹಂಚುತ್ತಿದ್ದರು. ಕೊರಿಯಾ, ವಿಯೆಟ್ನಾಂಗಳಿಂದ ಕಾಣಿಕೆಯ ರೂಪದಲ್ಲೂ ಹುಡುಗರು ಬಂದರು.

ಮೂರನೆಯದು ಬಡತನ. ಕೊನೆಯ ಶತಮಾನಗಳಲ್ಲಿ ಬಹುಪಾಲು ಜನ ಬಂದದ್ದು ಈ ದಾರಿಯಿಂದ. ಚಿಂಗ್ ವಂಶದ ಕಾಲದಲ್ಲಿ ಬೀಜಿಂಗ್ ಅರಮನೆಯ ಪಡುಬಾಗಿಲಿನ ಆಚೆ ಈ ಶಸ್ತ್ರಕ್ರಿಯೆಯನ್ನೇ ಕಸುಬಾಗಿ ಮಾಡಿಕೊಂಡ ಮನೆತನಗಳಿದ್ದವು. ಅವರ ಕೂಲಿ ಆರು ತೊಲೆಯಷ್ಟು ಬೆಳ್ಳಿಯೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿದ್ದ ಆಂಗ್ಲ ಅಧಿಕಾರಿಯೊಬ್ಬ ಬರೆದಿದ್ದಾನೆ. ಅಲ್ಲಿಯ ತೊಲೆ ನಮ್ಮ ತೊಲೆಗಿಂತ ಮೂರು ಪಟ್ಟು ಭಾರ. ಕತ್ತಿ ಎತ್ತುವ ಮುನ್ನ ಕಡೆಯ ಬಾರಿ ಕೇಳುತ್ತಿದ್ದರು: ಮುಂದೆ ಪಶ್ಚಾತ್ತಾಪ ಪಡುವೆಯಾ? ಉತ್ತರದಲ್ಲಿ ಸ್ವಲ್ಪ ಅಳುಕು ಕಂಡರೂ ಕೈ ತಡೆಯುತ್ತಿದ್ದರು. ಆಮೇಲೆ ಮೂರು ದಿನ ಒಂದು ತೊಟ್ಟು ನೀರೂ ಇಲ್ಲ. ಮೂರನೆಯ ದಿನ ಮೂತ್ರ ಸರಾಗವಾಗಿ ಹೊರಟರೆ ಬದುಕಿದಂತೆ. ಕಟ್ಟಿಕೊಂಡರೆ ಸಾವು ಖಂಡಿತ.

ಕತ್ತರಿಸಿ ತೆಗೆದ ಭಾಗವನ್ನು ಎಸೆಯುತ್ತಿರಲಿಲ್ಲ. ಅದಕ್ಕೆ 'ಬಾವೊ', ಅಂದರೆ ನಿಧಿ, ಎಂದು ಹೆಸರು. ಪಾತ್ರೆಯಲ್ಲಿ ಭದ್ರಮಾಡಿ ಎತ್ತರದ ಹಲಗೆಯ ಮೇಲೆ ಇಡುತ್ತಿದ್ದರು. ಎತ್ತರದಲ್ಲಿಟ್ಟರೆ ಊಳಿಗದಲ್ಲೂ ಎತ್ತರಕ್ಕೆ ಏರುತ್ತಾರೆಂಬ ನಂಬಿಕೆ. ಬಡ್ತಿಯ ಸಮಯದಲ್ಲಿ ಅದನ್ನು ತೋರಿಸಬೇಕಿತ್ತು. ಸತ್ತಾಗ ಜೊತೆಗೇ ಹೂಳಬೇಕಿತ್ತು. ತಂದೆತಾಯಿ ಕೊಟ್ಟ ದೇಹಕ್ಕೆ ಊನವಾಗದಂತೆ ಕಾಪಾಡಿಕೊಳ್ಳುವುದೇ ಮಗನ ಮೊದಲ ಧರ್ಮ ಎಂದು ನಂಬಿದ ಸಮಾಜ ಅದು. ಪಿತೃಗಳಿಗೆ ಎಡೆ ಇಡಲು ವಂಶ ಮುಂದುವರಿಸದವನು ಮಹಾಪಾಪಿ. ಬದುಕಿದ್ದಾಗ ಅಪೂರ್ಣನಾದವನು ಸತ್ತ ಮೇಲಾದರೂ ಪೂರ್ಣನಾಗಿ ಹಿರಿಯರ ಮುಂದೆ ನಿಲ್ಲಬೇಕೆಂಬ ಹಂಬಲ ಈ ಪಾತ್ರೆಯಲ್ಲಿತ್ತು. ಸುನ್ ಯಾವೊಟಿಂಗ್‌ಗೆ ಆ ಸಮಾಧಾನವೂ ದಕ್ಕಲಿಲ್ಲ. ಹಳೆಯದನ್ನೆಲ್ಲ ನಾಶಮಾಡುವ ಹುಚ್ಚೆದ್ದ ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ, ಶಿಕ್ಷೆಗೆ ಹೆದರಿ, ಅವನ ಮನೆಯವರೇ ಅದನ್ನು ಎಸೆದುಬಿಟ್ಟಿದ್ದರು.

ಹೊಸ್ತಿಲಿನ ಅಧಿಕಾರ

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಎಲ್ಲರಿಗೂ ಗೊತ್ತು. ಚೀನದ ನಪುಂಸಕರ ಅಧಿಕಾರದ ಗುಟ್ಟು ಈ ಗಾದೆಯಲ್ಲಿದೆ. ಚಕ್ರವರ್ತಿ ಗೋಡೆಗಳ ಒಳಗೆ ಇರುವ ದೇವರು. ಮಂತ್ರಿ ಎಷ್ಟೇ ದೊಡ್ಡವನಾದರೂ ಬಾಗಿಲ ಹೊರಗೆ ನಿಲ್ಲಬೇಕು. ಅವನ ಮನವಿಯನ್ನು ಒಳಗೆ ಒಯ್ಯುವವನು, ಒಡೆಯ ಸಂತೋಷದಲ್ಲಿದ್ದಾನೋ ಸಿಡುಕಿನಲ್ಲಿದ್ದಾನೋ ತಿಳಿದವನು, ಹೇಳಿದ ಮಾತನ್ನು ಹೊರಗೆ ತರುವವನು ಈ ಊಳಿಗದವನು. ಒಡೆಯ ಜಾಣನಾಗಿ ಎಚ್ಚರವಾಗಿದ್ದರೆ ಅವನು ಆಳು. ಒಡೆಯ ಮಗುವೋ ಸೋಮಾರಿಯೋ ಆಗಿದ್ದರೆ ಅವನೇ ದೊರೆ.

ಕ್ರಿ.ಪೂ. 210ರಲ್ಲಿ ಚೀನದ ಮೊದಲ ಚಕ್ರವರ್ತಿ ಶಿ ಹುವಾಂಗ್ ಪ್ರವಾಸದಲ್ಲಿ ಸತ್ತ. ಜೊತೆಯಲ್ಲಿದ್ದ ಜಾವೊ ಗಾವೊ ಸಾವನ್ನು ಮುಚ್ಚಿಟ್ಟ. ಹೆಣದ ನಾತ ತಿಳಿಯದಿರಲೆಂದು ಒಣಮೀನಿನ ಗಾಡಿಯನ್ನು ಜೊತೆಗೆ ಹೊಡೆಸಿದರು. ರಾಜಾಜ್ಞೆಯನ್ನು ತಿದ್ದಿ ಹಿರಿಯ ಮಗ ಆತ್ಮಹತ್ಯೆ ಮಾಡಿಕೊಳ್ಳುವಂತೆ ಮಾಡಿ, ಕಿರಿಯನನ್ನು ಪಟ್ಟಕ್ಕೇರಿಸಿದರು. ಮುಂದೆ ಒಂದು ದಿನ ಜಾವೊ ಗಾವೊ ಸಭೆಗೆ ಒಂದು ಜಿಂಕೆಯನ್ನು ತರಿಸಿ, ಇದು ಕುದುರೆ ಎಂದ. ಚಕ್ರವರ್ತಿ ನಕ್ಕು ಸಭೆಯನ್ನು ಕೇಳಿದ. ಕೆಲವರು ಸುಮ್ಮನಾದರು, ಕೆಲವರು ಕುದುರೆ ಎಂದರು, ಕೆಲವರು ಮಾತ್ರ ಜಿಂಕೆ ಎಂದರು. ಜಿಂಕೆ ಎಂದವರಿಗೆ ಆಮೇಲೆ ತಕ್ಕ ಶಾಸ್ತಿಯಾಯಿತು. ಕಣ್ಣೆದುರಿನ ಸತ್ಯವನ್ನು ಅಧಿಕಾರದ ಬಲದಿಂದ ತಿರುಚುವುದಕ್ಕೆ ಚೀನದಲ್ಲಿ ಇಂದಿಗೂ 'ಜಿಂಕೆಯನ್ನು ಕುದುರೆ ಎನ್ನುವುದು' ಎಂಬ ನುಡಿಗಟ್ಟಿದೆ. ಜಾವೊ ಗಾವೊ ನಪುಂಸಕನೆಂದು ಪರಂಪರೆ ಹೇಳುತ್ತದೆ. ಈಚಿನ ವಿದ್ವಾಂಸರಲ್ಲಿ ಕೆಲವರು ಅದನ್ನು ಒಪ್ಪುವುದಿಲ್ಲ. ಕೆಟ್ಟವನೆಂದರೆ ನಪುಂಸಕನೇ ಇರಬೇಕು ಎಂಬ ಪೂರ್ವಗ್ರಹವೂ ಇದರ ಹಿಂದೆ ಇರಬಹುದು.

ಹಾನ್ ವಂಶದ ಕೊನೆಯ ಶತಮಾನದಲ್ಲಿ ಪಟ್ಟಕ್ಕೆ ಬಂದವರಲ್ಲಿ ಬಹುತೇಕರು ಎಳೆಯರು. ತಾಯಿಯ ಕಡೆಯವರು ಆಡಳಿತ ಹಿಡಿಯುತ್ತಿದ್ದರು. ಹುಡುಗ ದೊಡ್ಡವನಾಗಿ ಅವರಿಂದ ಬಿಡಿಸಿಕೊಳ್ಳಬೇಕೆಂದಾಗ ಸುತ್ತಲೂ ಇದ್ದವರೆಂದರೆ ನಪುಂಸಕರು ಮಾತ್ರ. 159ರಲ್ಲಿ ಹುವಾನ್ ಚಕ್ರವರ್ತಿ, ರಾಣಿಯ ಅಣ್ಣನಾದ ಸೇನಾಪತಿಯ ಬೇಹಿನವರಿಗೆ ಹೆದರಿ, ಶೌಚಕ್ಕೆ ಹೋದ ಸಮಯ ನೋಡಿ ಒಬ್ಬ ನಪುಂಸಕನನ್ನು ಕರೆದು ಗುಟ್ಟಾಗಿ ಮಾತಾಡಿದ. ಸ್ವರ್ಗಪುತ್ರನಿಗೆ ಬಾಯಿಬಿಟ್ಟು ಮಾತಾಡಲು ಉಳಿದಿದ್ದ ಜಾಗ ಅದೊಂದೇ! ಐವರು ನಪುಂಸಕರ ನೆರವಿನಿಂದ ಸೇನಾಪತಿಯ ಮನೆತನ ನಾಶವಾಯಿತು. ಐವರೂ ಒಂದೇ ದಿನ ಸಾಮಂತ ಪದವಿ ಪಡೆದರು.

ಸಾಕಾದ ಸೇನಾನಿಗಳು 189ರಲ್ಲಿ ಅರಮನೆಗೆ ನುಗ್ಗಿ ಎರಡು ಸಾವಿರಕ್ಕೂ ಹೆಚ್ಚು ನಪುಂಸಕರನ್ನು ಕೊಂದರು. ಗಡ್ಡಮೀಸೆ ಇಲ್ಲದ ಕೆಲವು ಸಾಮಾನ್ಯರೂ ಆ ಗಲಭೆಯಲ್ಲಿ ಸತ್ತರು. ಬಟ್ಟೆ ಬಿಚ್ಚಿ ತೋರಿಸಿ ಬದುಕಿಕೊಂಡವರೂ ಇದ್ದರು. ನಪುಂಸಕರು ಹೋದರೆ ರಾಜ್ಯ ಸರಿಹೋಗುತ್ತದೆ ಎಂದುಕೊಂಡಿದ್ದರು. ಆದದ್ದೇ ಬೇರೆ. ಸೇನಾನಿಗಳು ತಮ್ಮತಮ್ಮಲ್ಲೇ ಕಾದಾಡಿ ಸಾಮ್ರಾಜ್ಯವನ್ನು ಹರಿದು ಹಂಚಿಕೊಂಡರು.

ತಾಂಗ್ ವಂಶದಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು. ರಾಜಧಾನಿಯ ಕಾವಲು ಸೈನ್ಯವೇ ನಪುಂಸಕರ ಕೈಗೆ ಬಂತು. ಒಂಬತ್ತನೆಯ ಶತಮಾನದಲ್ಲಿ ಯಾರು ಪಟ್ಟ ಏರಬೇಕೆಂಬುದನ್ನು ಹೆಚ್ಚುಕಡಿಮೆ ಅವರೇ ನಿರ್ಧರಿಸುತ್ತಿದ್ದರು. 835ರಲ್ಲಿ ಚಕ್ರವರ್ತಿಯ ಒಪ್ಪಿಗೆಯಿಂದ ಮಂತ್ರಿಗಳು ಒಂದು ಸಂಚು ಹೂಡಿದರು. ಅಂಗಳದ ದಾಳಿಂಬೆ ಮರದ ಮೇಲೆ ಅಮೃತದಂಥ ಇಬ್ಬನಿ ಬಿದ್ದಿದೆ ಎಂದು ಹೇಳಿ ನಪುಂಸಕರನ್ನು ಅಲ್ಲಿಗೆ ಕಳಿಸಿದರು. ಗಾಳಿಗೆ ಪರದೆ ಹಾರಿತು. ಹಿಂದೆ ಅಡಗಿದ್ದ ಆಯುಧಪಾಣಿಗಳು ಕಂಡರು. ನಪುಂಸಕರು ಓಡಿಬಂದು ಚಕ್ರವರ್ತಿಯನ್ನೇ ಹೊತ್ತುಕೊಂಡು ಒಳಗೆ ಹೋದರು. ಮುಂದೆ ಸತ್ತವರು ಮಂತ್ರಿಗಳು ಮತ್ತು ಅವರ ಕಡೆಯವರು, ಸಾವಿರಕ್ಕೂ ಹೆಚ್ಚು ಜನ. 903ರಲ್ಲಿ ಜೂ ವೆನ್ ಎಂಬ ಸೇನಾನಿ ನಪುಂಸಕರನ್ನು ಸಾಮೂಹಿಕವಾಗಿ ಕೊಲ್ಲಿಸಿದ. ನಾಲ್ಕೇ ವರ್ಷದಲ್ಲಿ ಅವನೇ ತಾಂಗ್ ವಂಶವನ್ನು ಮುಗಿಸಿ ಸಿಂಹಾಸನ ಹತ್ತಿದ.

ಕಬ್ಬಿಣದ ಫಲಕ

ಈ ಇತಿಹಾಸವನ್ನೆಲ್ಲ ಬಲ್ಲವನು ಮಿಂಗ್ ವಂಶದ ಸ್ಥಾಪಕ ಹೊಂಗ್ವು. ಬಡ ರೈತನ ಮಗನಾಗಿ ಹುಟ್ಟಿ 1368ರಲ್ಲಿ ಚಕ್ರವರ್ತಿಯಾದ ಅವನು ನಪುಂಸಕರು ಓದುಬರಹ ಕಲಿಯಕೂಡದೆಂದು ವಿಧಿಸಿದ. ಆಡಳಿತದಲ್ಲಿ ತಲೆಹಾಕಿದ ನಪುಂಸಕನ ತಲೆ ಹೋಗುತ್ತದೆಂದು ಕಬ್ಬಿಣದ ಫಲಕದಲ್ಲಿ ಬರೆಸಿ 1384ರಲ್ಲಿ ಅರಮನೆಯ ಬಾಗಿಲಲ್ಲಿ ನಿಲ್ಲಿಸಿದ.

ಆದರೆ ಅದೇ ಹೊಂಗ್ವು 1380ರಲ್ಲಿ ಇನ್ನೊಂದು ಕೆಲಸ ಮಾಡಿದ್ದ. ಪ್ರಧಾನಮಂತ್ರಿಯ ಮೇಲೆ ಅನುಮಾನ ಬಂದು ಅವನನ್ನು ಕೊಲ್ಲಿಸಿ, ಆ ಹುದ್ದೆಯನ್ನೇ ರದ್ದು ಮಾಡಿದ್ದ. ಇನ್ನು ಮೇಲೆ ಇಡೀ ಸಾಮ್ರಾಜ್ಯದ ಕಾಗದಪತ್ರವನ್ನೆಲ್ಲ ಚಕ್ರವರ್ತಿಯೇ ನೋಡಬೇಕು. ಹೊಂಗ್ವು ಹಗಲಿರುಳು ದುಡಿಯುವ ಮನುಷ್ಯ, ನೋಡಿದ. ಅವನ ಮೊಮ್ಮಕ್ಕಳು ಮರಿಮಕ್ಕಳಿಗೆ ಅದು ಸಾಧ್ಯವಿತ್ತೇ? ಕಾಲಕ್ರಮದಲ್ಲಿ ಒಂದು ಪದ್ಧತಿ ಬೆಳೆಯಿತು. ವಿದ್ವಾಂಸ ಮಂತ್ರಿಗಳು ಪ್ರತಿ ಮನವಿಗೂ ಏನು ಉತ್ತರ ಕೊಡಬಹುದೆಂದು ಚೀಟಿ ಬರೆದು ಅಂಟಿಸುವುದು. ಚಕ್ರವರ್ತಿ ಕೆಂಪು ಶಾಯಿಯಲ್ಲಿ ಒಪ್ಪಿಗೆ ಬರೆಯುವುದು. ಬೇಸರ ಬಂದ ಚಕ್ರವರ್ತಿ ಕೆಂಪು ಕುಂಚವನ್ನು ಪಕ್ಕದಲ್ಲಿದ್ದ ನಪುಂಸಕನಿಗೆ ಕೊಟ್ಟ. ಬರೆಯಬೇಕಾದರೆ ಅಕ್ಷರ ಬರಬೇಕಲ್ಲ? 1426ರಲ್ಲಿ ಅರಮನೆಯ ಒಳಗೇ ನಪುಂಸಕ ಹುಡುಗರಿಗೆ ಶಾಲೆ ತೆರೆದು, ದೊಡ್ಡ ವಿದ್ವಾಂಸರನ್ನು ಉಪಾಧ್ಯಾಯರಾಗಿ ನೇಮಿಸಿದರು. ಕಬ್ಬಿಣದ ಫಲಕ ಬಾಗಿಲಲ್ಲಿ ಹಾಗೇ ನಿಂತಿತ್ತು.

ಅದಕ್ಕೂ ಮೊದಲೇ, ಹೊಂಗ್ವುವಿನ ಮಗ ಯೋಂಗ್ಲೆ 1402ರಲ್ಲಿ ಅಣ್ಣನ ಮಗನಿಂದ ಸಿಂಹಾಸನ ಕಿತ್ತುಕೊಂಡಾಗ ರಾಜಧಾನಿಯ ಒಳಸುದ್ದಿ ಕೊಟ್ಟು ನೆರವಾದವರು ನಪುಂಸಕರು. ಮಂತ್ರಿಗಳನ್ನು ನಂಬದ ಯೋಂಗ್ಲೆ 1420ರಲ್ಲಿ ನಪುಂಸಕರ ಕೈಯಲ್ಲಿ ಒಂದು ಗುಪ್ತಚರ ಪೊಲೀಸ್ ಇಲಾಖೆಯನ್ನು ಕೊಟ್ಟ. ಹಿಡಿಯುವುದು, ಹಿಂಸಿಸುವುದು ಎಲ್ಲಕ್ಕೂ ಅದಕ್ಕೆ ಅಧಿಕಾರವಿತ್ತು. ಮಿಂಗ್ ಅರಮನೆಯಲ್ಲಿ ನಪುಂಸಕರ ಇಪ್ಪತ್ತನಾಲ್ಕು ಕಚೇರಿಗಳು ಬೆಳೆದು ನಿಂತವು: ಅಡುಗೆಮನೆಯಿಂದ ಹಿಡಿದು ರಾಜಮುದ್ರೆಯವರೆಗೆ.

ಮುಂದಿನದು ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ವಾಂಗ್ ಜೆನ್ ಎಂಬ ನಪುಂಸಕ ಬಾಲಚಕ್ರವರ್ತಿಯ ಗುರುವಿನಂತಿದ್ದವನು. ಕಬ್ಬಿಣದ ಫಲಕವನ್ನು ತೆಗೆಸಿಹಾಕಿದವನು ಅವನೇ ಎನ್ನುತ್ತಾರೆ. 1449ರಲ್ಲಿ ಇಪ್ಪತ್ತೊಂದು ವರ್ಷದ ಚಕ್ರವರ್ತಿಯನ್ನು ಹುರಿದುಂಬಿಸಿ ಮಂಗೋಲರ ಮೇಲೆ ದಂಡಯಾತ್ರೆ ಹೊರಡಿಸಿದ. ಮರಳುವಾಗ ತನ್ನ ಊರಿನ ಮೇಲೆ ಹಾದು ಹೋಗೋಣವೆಂದು ದಾರಿ ಬದಲಿಸಿದ; ಆಮೇಲೆ ಸೈನ್ಯ ತನ್ನ ಹೊಲದ ಪೈರು ತುಳಿದೀತೆಂದು ಮತ್ತೆ ಬದಲಿಸಿದನಂತೆ. ತೂಮು ಎಂಬಲ್ಲಿ ನೀರಿಲ್ಲದೆ ಬೀಡುಬಿಟ್ಟ ಸೈನ್ಯವನ್ನು ಮಂಗೋಲರು ಕೊಚ್ಚಿಹಾಕಿ, ಚಕ್ರವರ್ತಿಯನ್ನೇ ಸೆರೆಹಿಡಿದು ಒಯ್ದರು. ವಾಂಗ್ ಜೆನ್ ಅಲ್ಲೇ ಸತ್ತ.

ಎಲ್ಲರಿಗಿಂತ ಕುಖ್ಯಾತನೆಂದರೆ ವೈ ಜೋಂಗ್‌ಶಿಯನ್. ಓದುಬರಹ ಬಾರದ ಜೂಜುಕೋರ; ತಾನಾಗಿಯೇ ನಪುಂಸಕನಾಗಿ ಅರಮನೆ ಸೇರಿದವನು. 1620ರಲ್ಲಿ ಪಟ್ಟಕ್ಕೆ ಬಂದ ತಿಯಾನ್‌ಚಿ ಚಕ್ರವರ್ತಿಗೆ ಬಡಗಿ ಕೆಲಸವೆಂದರೆ ಪ್ರಾಣ. ಅವನು ಉಳಿ ಬಾಚಿ ಹಿಡಿದು ಮೈಮರೆತಿರುವಾಗಲೇ ವೈ ಕಾಗದಪತ್ರ ಹಿಡಿದು ನಿಲ್ಲುತ್ತಿದ್ದ. ನೀನೇ ನೋಡಿಕೋ ಎಂಬ ಉತ್ತರ ಬರುತ್ತಿತ್ತು. 1624ರಲ್ಲಿ ಯಾಂಗ್ ಲಿಯನ್ ಎಂಬ ಅಧಿಕಾರಿ ವೈಯ 24 ಅಪರಾಧಗಳನ್ನು ಪಟ್ಟಿ ಮಾಡಿ ಮನವಿ ಸಲ್ಲಿಸಿದ. ಮರುವರ್ಷ ಅವನೂ ಅವನ ಸಂಗಡಿಗರೂ ಸೆರೆಮನೆಯಲ್ಲಿ ಚಿತ್ರಹಿಂಸೆಯಿಂದ ಸತ್ತರು. ಬದುಕಿರುವಾಗಲೇ ವೈಗೆ ಊರೂರಲ್ಲಿ ಗುಡಿಗಳೆದ್ದವು. ಚಕ್ರವರ್ತಿಗೆ 'ಹತ್ತು ಸಾವಿರ ವರ್ಷ ಬಾಳಲಿ' ಎಂಬ ಜಯಕಾರ. ವೈಗೆ 'ಒಂಬತ್ತು ಸಾವಿರ ವರ್ಷ'! 1627ರಲ್ಲಿ ಒಡೆಯ ಸತ್ತ. ಕೆಲವೇ ತಿಂಗಳಲ್ಲಿ ವೈ ನೇಣು ಹಾಕಿಕೊಂಡ. ಹೊಸ್ತಿಲು ಬೇರೆಯವರದ್ದಾದ ಮೇಲೆ ಅವನಲ್ಲಿ ಉಳಿದಿದ್ದ ಬಲವೇನು?

ಕಾಗದ, ಹಡಗು, ನಗರ

ಇಷ್ಟನ್ನು ಓದಿ ನಪುಂಸಕರೆಂದರೆ ದುಷ್ಟರ ಗುಂಪು ಎಂದುಕೊಳ್ಳುವುದು ನ್ಯಾಯವಾಗದು. ಚೀನದ ಅಧಿಕೃತ ಇತಿಹಾಸಗಳನ್ನು ಬರೆದವರು ಪರೀಕ್ಷೆ ಪಾಸಾಗಿ ಅಧಿಕಾರಕ್ಕೆ ಬಂದ ಕನ್‌ಫ್ಯೂಷಿಯಸ್ ಪಂಥದ ವಿದ್ವಾಂಸರು. ನಪುಂಸಕರು ಅವರ ಎದುರಾಳಿಗಳು. ಒಳ್ಳೆಯ ನಪುಂಸಕರಿಗೆ ಆ ಗ್ರಂಥಗಳಲ್ಲಿ ಸಿಕ್ಕ ಜಾಗ ಕಡಿಮೆ.

ಓದುವ ಮಕ್ಕಳು ದಿನವೂ ಮುಟ್ಟುವ ಕಾಗದಕ್ಕೂ ಇವರಿಗೂ ಸಂಬಂಧವಿದೆ. ಹಾನ್ ಅರಮನೆಯ ಕಾರ್ಖಾನೆಗಳ ಮೇಲ್ವಿಚಾರಕನಾಗಿದ್ದ ನಪುಂಸಕ ತ್ಸಾಯ್ ಲುನ್ ಮರದ ತೊಗಟೆ, ನಾರು, ಚಿಂದಿ ಬಟ್ಟೆ, ಹಳೆಯ ಮೀನುಬಲೆಗಳಿಂದ ಕಾಗದ ಮಾಡುವ ವಿಧಾನವನ್ನು 105ರಲ್ಲಿ ಚಕ್ರವರ್ತಿಗೆ ಒಪ್ಪಿಸಿದ. ಅವನಿಗಿಂತ ಹಿಂದಿನ ಒರಟು ಕಾಗದದ ತುಣುಕುಗಳು ಉತ್ಖನನದಲ್ಲಿ ಸಿಕ್ಕಿವೆ. ಆದರೂ ಬರವಣಿಗೆಗೆ ಯೋಗ್ಯವಾದ ಅಗ್ಗದ ಕಾಗದವನ್ನು ಬಳಕೆಗೆ ತಂದ ಹಿರಿಮೆ ಅವನದು. ಅರಮನೆಯ ಹಳೆಯ ಒಳಸಂಚೊಂದರ ವಿಚಾರಣೆ ಬಂದಾಗ 121ರಲ್ಲಿ ಅವನು ಮಿಂದು, ಒಳ್ಳೆಯ ಉಡುಪು ಧರಿಸಿ, ವಿಷ ಕುಡಿದು ಸತ್ತ.

ಯುದ್ಧದಲ್ಲಿ ಸೆರೆಸಿಕ್ಕು ಬಂದವರಲ್ಲಿ ದೊಡ್ಡ ಹೆಸರು ಜೆಂಗ್ ಹೆ. 1371ರಲ್ಲಿ ಯುನ್ನಾನ್ ಪ್ರಾಂತದ ಮುಸ್ಲಿಂ ಮನೆತನದಲ್ಲಿ ಹುಟ್ಟಿದ ಹುಡುಗ. ಹತ್ತು ವರ್ಷದ ಸುಮಾರಿಗೆ ಮಿಂಗ್ ಸೈನ್ಯಕ್ಕೆ ಸೆರೆಸಿಕ್ಕಿ ನಪುಂಸಕನಾದ. ಮುಂದೆ ಯೋಂಗ್ಲೆಯ ನಚ್ಚಿನ ಬಂಟನಾಗಿ, 1405ರಿಂದ 1433ರವರೆಗೆ ಏಳು ಸಮುದ್ರಯಾನಗಳ ನಾಯಕನಾದ. ಮೊದಲ ಯಾನದಲ್ಲೇ 27,000ಕ್ಕೂ ಹೆಚ್ಚು ಜನರಿದ್ದರು. ಅವನ ಹಡಗುಗಳು ಜಾವಾ, ಶ್ರೀಲಂಕಾ, ಕೊಚ್ಚಿ, ಕಲ್ಲಿಕೋಟೆ, ಅರಬಸ್ಥಾನ, ಪೂರ್ವ ಆಫ್ರಿಕದವರೆಗೂ ಹೋದವು. ವಾಸ್ಕೊ ಡ ಗಾಮ ಬೆರಳೆಣಿಕೆಯ ಹಡಗುಗಳೊಂದಿಗೆ ಕಲ್ಲಿಕೋಟೆ ಮುಟ್ಟಿದ್ದು 1498ರಲ್ಲಿ, ಅಂದರೆ ಜೆಂಗ್ ಹೆಯ ಮೊದಲ ಯಾನ ಹೊರಟು ತೊಂಬತ್ತಕ್ಕೂ ಹೆಚ್ಚು ವರ್ಷಗಳ ನಂತರ. ಚೀನೀ, ತಮಿಳು, ಪರ್ಷಿಯನ್ ಮೂರು ಭಾಷೆಗಳಲ್ಲಿ ಬರೆಸಿ 1409ರ ದಿನಾಂಕ ಹಾಕಿದ ಅವನ ಶಿಲಾಶಾಸನ ಶ್ರೀಲಂಕಾದ ಗಾಲೆಯಲ್ಲಿ ಸಿಕ್ಕಿದೆ. ಆದರೆ ಯಾನಗಳ ಸರ್ಕಾರಿ ದಾಖಲೆಗಳು ಉಳಿದಿಲ್ಲ. ಇನ್ನೊಂದು ಯಾನ ಹೊರಟರೆ ಮತ್ತೆ ನಪುಂಸಕರ ಕೈ ಮೇಲಾದೀತೆಂದು ವಿದ್ವಾಂಸ ಅಧಿಕಾರಿಯೊಬ್ಬ ಅವನ್ನು ಅಡಗಿಸಿದ ಎಂಬ ಪ್ರತೀತಿ ಇದೆ.

ಇಂದು ಪ್ರವಾಸಿಗಳು ಬೆರಗಾಗಿ ನೋಡುವ ಬೀಜಿಂಗ್‌ನ ನಿಷಿದ್ಧ ನಗರದ ನಿರ್ಮಾಣದಲ್ಲಿ ದೊಡ್ಡ ಪಾತ್ರ ವಹಿಸಿದ ನುಯೆನ್ ಆನ್ ಕೂಡ ನಪುಂಸಕ. ವಿಯೆಟ್ನಾಂನಿಂದ ಹಿಡಿದು ತಂದಿದ್ದ ಹುಡುಗ.

ಕೊನೆಯ ದಿನಗಳು

ಪ್ರಸಿದ್ಧರ ಮತ್ತು ಕುಖ್ಯಾತರ ಹೆಸರು ಇತಿಹಾಸದಲ್ಲಿ ಉಳಿಯಿತು. ಉಳಿದ ಸಾವಿರಾರು ಜನ ನೆಲ ಗುಡಿಸಿ, ನೀರು ಹೊತ್ತು, ಪೆಟ್ಟು ತಿಂದು ಸತ್ತವರು. 1644ರಲ್ಲಿ ಬಂದ ಚಿಂಗ್ ವಂಶ ಅವರ ಸಂಖ್ಯೆಯನ್ನೂ ಅಧಿಕಾರವನ್ನೂ ಬಹಳವಾಗಿ ಕಡಿತ ಮಾಡಿತು. ಅಪ್ಪಣೆಯಿಲ್ಲದೆ ರಾಜಧಾನಿ ಬಿಟ್ಟವನಿಗೆ ಮರಣದಂಡನೆ. 1869ರಲ್ಲಿ ರಾಜಮಾತೆ ಸಿಶಿಯ ಮೆಚ್ಚಿನ ಆನ್ ದೆಹಾಯ್ ಮೆರವಣಿಗೆಯಂತೆ ದಕ್ಷಿಣಕ್ಕೆ ಹೊರಟಾಗ ಶಾನ್‌ಡೊಂಗ್ ಪ್ರಾಂತದ ಅಧಿಪತಿ ಅವನನ್ನು ಹಿಡಿದು ತಲೆ ಕಡಿಸಿದ.

ಪಟ್ಟ ಬಿಟ್ಟರೂ ಅರಮನೆಯಲ್ಲೇ ಇರಲು ಪು ಯಿಗೆ ಹೊಸ ಗಣರಾಜ್ಯ ಅವಕಾಶ ಕೊಟ್ಟಿತ್ತು. ಹಾಗಾಗಿ ಸುನ್ ಯಾವೊಟಿಂಗ್‌ಗೂ ಕಡೆಗೆ ಅಲ್ಲಿ ಊಳಿಗ ಸಿಕ್ಕಿತು. ಆ ಬಾಲಚಕ್ರವರ್ತಿ ಎಂಥವನಾಗಿದ್ದ ಎಂಬುದನ್ನು ಮುಂದೆ ಅವನೇ ತನ್ನ ಆತ್ಮಕಥೆಯಲ್ಲಿ ಬಿಚ್ಚಿಟ್ಟಿದ್ದಾನೆ. ಸಣ್ಣ ತಪ್ಪಿಗೂ ನಪುಂಸಕರಿಗೆ ಹೊಡೆಸುವುದು ಅವನಿಗೆ ಆಟವಾಗಿತ್ತು. ಒಮ್ಮೆ ಗೊಂಬೆಯಾಟ ತೋರಿಸಿದ ನಪುಂಸಕನಿಗೆ ಬಹುಮಾನವಾಗಿ ಕೇಕಿನೊಳಗೆ ಕಬ್ಬಿಣದ ಪುಡಿ ಹಾಕಿ ತಿನ್ನಿಸಬೇಕೆಂದುಕೊಂಡ. ಅವನ ಹಲ್ಲು ಮುರಿಯುವುದಿಲ್ಲವೇ ಎಂದು ಕೇಳಿ ತಡೆದವಳು ಅವನ ದಾದಿ. ಕಬ್ಬಿಣದ ಬದಲು ಕಾಳು ಹಾಕೆಂದು ಉಪಾಯವಾಗಿ ತಿರುಗಿಸಿದಳು. ಇನ್ನೊಬ್ಬರಿಗೂ ನೋವಾಗುತ್ತದೆಂದು ಆ ಮಗುವಿಗೆ ಹೇಳಿಕೊಟ್ಟವಳು ಆ ದಾದಿಯೊಬ್ಬಳೇ. ಅರಮನೆ ನಪುಂಸಕರನ್ನು ಮಾತ್ರ ಕೆಡಿಸಲಿಲ್ಲ. ಸಿಂಹಾಸನದ ಮೇಲೆ ಕೂತ ಮಗುವನ್ನೂ ಕೆಡಿಸಿತ್ತು.

1923ರ ಜೂನ್ ಕೊನೆಯಲ್ಲಿ ಅರಮನೆಯ ಒಂದು ಭಾಗ ಬೆಂಕಿಗೆ ಆಹುತಿಯಾಯಿತು. ಉಗ್ರಾಣದ ಬೆಲೆಬಾಳುವ ವಸ್ತುಗಳ ಲೆಕ್ಕ ತೆಗೆಯಲು ಆಗಷ್ಟೇ ಆಜ್ಞೆಯಾಗಿತ್ತು. ಕಳವು ಮುಚ್ಚಲು ನಪುಂಸಕರೇ ಬೆಂಕಿ ಇಟ್ಟರೆಂದು ಪು ಯಿ ಶಂಕಿಸಿದ. ಮರುತಿಂಗಳೇ ಕೆಲವರನ್ನು ಬಿಟ್ಟು ಉಳಿದವರನ್ನೆಲ್ಲ ಹೊರಹಾಕಿದ. ಗಂಟುಮೂಟೆ ಹೊತ್ತು ಬೀದಿಗೆ ಬಂದವರಲ್ಲಿ ಅನೇಕರು ಸೇರಿದ್ದು ದೇಗುಲಗಳನ್ನು. ಬಾಳಿನ ಕೊನೆಗೆ ತಲೆಯೂರಲು ಒಂದು ಜಾಗ ಬೇಕೆಂದು ಅವರ ಹಿಂದಿನವರು ದಾನ ಕೊಟ್ಟು ಕಟ್ಟಿಸಿದ್ದ ದೇಗುಲಗಳು ಅವು.

ತಪ್ಪು ಯಾರದು?

ಮಿಂಗ್ ವಂಶ ಕುಸಿದದ್ದನ್ನು ಕಣ್ಣಾರೆ ಕಂಡ ಹುವಾಂಗ್ ಜೋಂಗ್‌ಶಿ ಎಂಬ ಚಿಂತಕ ಈ ಪ್ರಶ್ನೆಯನ್ನು ನೇರವಾಗಿ ಕೇಳಿಕೊಂಡ. ಅವನ ತಂದೆಯನ್ನು ವೈ ಜೋಂಗ್‌ಶಿಯನ್‌ನ ಕಡೆಯವರು ಸೆರೆಮನೆಯಲ್ಲಿ ಕೊಂದಿದ್ದರು. ನಪುಂಸಕರನ್ನು ದ್ವೇಷಿಸಲು ಅವನಿಗಿಂತ ಹೆಚ್ಚಿನ ಕಾರಣ ಯಾರಿಗಿತ್ತು? ಆದರೂ 1663ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ಅವನು ಬೆರಳು ತೋರಿಸಿದ್ದು ಸಿಂಹಾಸನದ ಕಡೆಗೆ. ಚಕ್ರವರ್ತಿ ದೇಶವನ್ನು ತನ್ನ ಮನೆಯ ಆಸ್ತಿ ಎಂದು ತಿಳಿದಿದ್ದಾನೆ. ಅಂತಃಪುರವನ್ನು ಲೆಕ್ಕವಿಲ್ಲದೆ ಬೆಳೆಸಿದ್ದಾನೆ. ಅದನ್ನು ಕಾಯಲು ಸಾವಿರಾರು ನಪುಂಸಕರು ಬೇಕಾಗಿದ್ದಾರೆ. ಅಂತಃಪುರ ಚಿಕ್ಕದಾದರೆ ಕೆಲವು ಹತ್ತು ಮಂದಿ ಸಾಕು ಎಂದು ಅವನು ವಾದಿಸಿದ.

ಕಬ್ಬಿಣದ ಫಲಕ ಸೋತದ್ದು ಏಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಫಲಕ ಆಳಿಗೆ ಎಚ್ಚರಿಕೆ ಹೇಳಿತು, ಒಡೆಯನಿಗೆ ಹೇಳಲಿಲ್ಲ. ಎಲ್ಲ ಅಧಿಕಾರವನ್ನೂ ಒಬ್ಬನೇ ಮನುಷ್ಯನ ಕೈಗೆ ಕೊಟ್ಟು, ಅವನನ್ನು ಯಾರೂ ಕಾಣದಂತೆ ಗೋಡೆಯ ಒಳಗೆ ಇಟ್ಟರೆ, ಬಾಗಿಲು ಕಾಯುವವನು ದೊಡ್ಡವನಾಗದೆ ಇರುವುದಿಲ್ಲ. ಆ ಬಾಗಿಲಿನ ಆಸೆಗೆ ಬಡವರು ತಮ್ಮ ಮಕ್ಕಳ ಮೈಯನ್ನೇ ಒತ್ತೆ ಇಟ್ಟರು. ತಮ್ಮನ್ನು ತಾವೇ ನಪುಂಸಕರನ್ನಾಗಿ ಮಾಡಿಕೊಳ್ಳಕೂಡದೆಂದು ಮಿಂಗ್ ಚಕ್ರವರ್ತಿಗಳು ಮತ್ತೆ ಮತ್ತೆ ಆಜ್ಞೆ ಹೊರಡಿಸಿದರು. ಜನ ಮತ್ತೆ ಮತ್ತೆ ಮೀರಿದರು. ಹಸಿವು ಒಂದು ಕಡೆ, ಅರಮನೆ ಇನ್ನೊಂದು ಕಡೆ ಇರುವಾಗ ಆಜ್ಞೆಗೆ ಯಾರು ಬಗ್ಗುತ್ತಾರೆ?

ಬೀಜಿಂಗ್‌ನ ವಾಯವ್ಯಕ್ಕೆ ಜೋಂಗ್ವಾನ್‌ಸುನ್ ಎಂಬ ಬಡಾವಣೆಯಿದೆ. ಮುಪ್ಪಿನ ನಪುಂಸಕರು ನೆಲೆಸಿದ್ದ, ಅವರನ್ನು ಹೂಳುತ್ತಿದ್ದ ಊರಾದ್ದರಿಂದ ಅದಕ್ಕೆ ಆ ಹೆಸರು ಬಂತೆಂದು ಹೇಳುತ್ತಾರೆ. ಅಕ್ಷರಗಳನ್ನು ಮಾತ್ರ ಆಮೇಲೆ ಬದಲಾಯಿಸಲಾಯಿತು. ಇಂದು ಅದು ಚೀನದ ಕಂಪ್ಯೂಟರ್ ಉದ್ಯಮದ ದೊಡ್ಡ ಕೇಂದ್ರ. ಸುತ್ತಮುತ್ತ ದೇಶದ ಹೆಸರಾಂತ ವಿಶ್ವವಿದ್ಯಾನಿಲಯಗಳಿವೆ. ಹಳ್ಳಿಗಳಿಂದ ಬಡವರ ಮಕ್ಕಳು ಈಗಲೂ ಅಲ್ಲಿಗೆ ಬರುತ್ತಾರೆ, ಮನೆಯವರ ಆಸೆಯನ್ನು ಹೊತ್ತುಕೊಂಡು. ಕೈಯಲ್ಲಿ ಪ್ರವೇಶಪತ್ರ, ಹೆಗಲಲ್ಲಿ ಪುಸ್ತಕದ ಚೀಲ.